ಕಾಲಿಗೆ ಬಲ, ನಡಿಗೆಗೆ ತೋಲ: ಮನೆಯಲ್ಲೇ ಮಾಡಬಹುದಾದ ಸರಳ ವ್ಯಾಯಾಮಗಳು

ಶಿರೋಳ: ಕೃಷ್ಣೆ ಮತ್ತು ಪಂಚಗಂಗೆಯ ದಂಡೆಯ ನಮ್ಮ ಊರುಗಳಲ್ಲಿ ಮನೆಗೊಬ್ಬರಾದರೂ ಹಿರಿಯರು ಇದ್ದಾರೆ. ನಾಲ್ವತ್ತು, ಐವತ್ತು ವರ್ಷ ಕಬ್ಬಿನ ಹೊಲದಲ್ಲಿ ದುಡಿದ ಕಾಲುಗಳು ಅರವತ್ತೈದು ದಾಟಿದ ಮೇಲೆ ನಿಧಾನವಾಗಿ ಸೋಲತೊಡಗುತ್ತವೆ. ನೆಲದಿಂದ ಏಳಲು ಕೈ ಊರಬೇಕಾಗುತ್ತದೆ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿಯಬೇಕಾಗುತ್ತದೆ. ಆಗ ಮನೆಯವರು ಪ್ರೀತಿಯಿಂದ ಹೇಳುವ ಮಾತು ಒಂದೇ: "ಇನ್ನ ಸಾಕು, ಕೂತು ಆರಾಮ ಮಾಡ್ರಿ."

ಈ ಪ್ರೀತಿಯ ಸಲಹೆಯೇ ಕಾಲುಗಳಿಗೆ ಹೆಚ್ಚು ತೊಂದರೆ ಕೊಡುತ್ತದೆ. ಕೂತಷ್ಟೂ ಕಾಲಿನ ಸ್ನಾಯು ಕರಗುತ್ತದೆ, ಕರಗಿದಷ್ಟೂ ಏಳುವುದು ಕಷ್ಟವಾಗುತ್ತದೆ, ಕಷ್ಟವಾದಷ್ಟೂ ಮತ್ತೆ ಕೂಡುತ್ತಾರೆ. ಈ ಸುತ್ತನ್ನು ಮುರಿಯಲು ದುಬಾರಿ ಔಷಧಿ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಒಂದು ಗಟ್ಟಿ ಕುರ್ಚಿ, ಒಂದು ಗೋಡೆ ಮತ್ತು ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಾಕು. ಆ ವ್ಯಾಯಾಮಗಳು ಯಾವುವು, ಹೇಗೆ ಮಾಡಬೇಕು, ಯಾರು ಮಾಡಬಾರದು ಎಂಬುದನ್ನು ಇಲ್ಲಿ ಕೊಡಲಾಗಿದೆ. ಹಿರಿಯರಿಗೆ ಓದಲು ಕಷ್ಟವಾದರೆ ಮನೆಯ ಮಕ್ಕಳು ಗಟ್ಟಿಯಾಗಿ ಓದಿ ಹೇಳಬಹುದು.

ಬೀಳುವುದು ಸಣ್ಣ ಮಾತಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಇವರಲ್ಲಿ 60 ದಾಟಿದವರೇ ಹೆಚ್ಚು. ಸಾವು ಬರದಿದ್ದರೂ ಸೊಂಟದ ಕೀಲಿನ ಬಳಿ ಎಲುಬು ಮುರಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ, ಮನೆಯವರಿಗೆ ಓಡಾಟ ಮತ್ತು ಸಾಲ ತಪ್ಪುವುದಿಲ್ಲ. ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಭಯ ಹತ್ತುತ್ತದೆ. ಆ ಭಯದಿಂದ ನಡೆಯುವುದನ್ನೇ ಬಿಡುತ್ತಾರೆ. ಕಾಲು ಇನ್ನೂ ಸೋಲುತ್ತದೆ.

ನಮ್ಮ ತಾಲೂಕಿಗೆ ಇನ್ನೊಂದು ಕಾರಣವೂ ಇದೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಶಿರೋಳ ತಾಲೂಕಿನ ಊರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಹತ್ತುವುದು, ಅಲುಗಾಡುವ ದೋಣಿಯಲ್ಲಿ ಕಾಲಿಡುವುದು, ಮಹಡಿಯ ಮೆಟ್ಟಿಲು ಏರುವುದು ಕಾಲಿನ ಬಲದ ಮೇಲೆಯೇ ನಿಂತಿದೆ. ನೀರು ಬಂದ ದಿನ ಬಲ ಹುಟ್ಟುವುದಿಲ್ಲ. ಅದನ್ನು ಬೇಸಿಗೆಯಲ್ಲೇ ಕೂಡಿಹಾಕಬೇಕು.

ಕಾಲು ಸೋಲುವುದು ಏಕೆ?

ಮೂವತ್ತರ ನಂತರ ಮನುಷ್ಯನ ಸ್ನಾಯು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಹೋಗುತ್ತದೆ. ಅರವತ್ತು ದಾಟಿದ ಮೇಲೆ ಈ ವೇಗ ಹೆಚ್ಚುತ್ತದೆ. ತೊಡೆಯ ಮುಂಭಾಗ (ಮರಾಠಿಯಲ್ಲಿ ಮಾಂಡಿ), ಪೃಷ್ಠ ಮತ್ತು ಮೀನಖಂಡದ (ಪೋಟರಿ) ಸ್ನಾಯುಗಳು ನಮ್ಮನ್ನು ಎಬ್ಬಿಸುವ, ನಿಲ್ಲಿಸುವ, ಮುಂದೆ ತಳ್ಳುವ ಸ್ನಾಯುಗಳು. ಇವು ಸೋತರೆ ನಡಿಗೆ ಕಿರಿದಾಗುತ್ತದೆ, ಪಾದ ನೆಲಕ್ಕೆ ಉಜ್ಜುತ್ತದೆ, ಸಣ್ಣ ಕಲ್ಲಿಗೂ ಎಡವುತ್ತೇವೆ.

ತೋಲ, ಅಂದರೆ ಸಮತೋಲನ, ಬೇರೆಯೇ ಸಂಗತಿ. ಕಣ್ಣು, ಒಳಕಿವಿ ಮತ್ತು ಅಂಗಾಲಿನ ಸ್ಪರ್ಶ ಈ ಮೂರರಿಂದ ಬರುವ ಸುದ್ದಿಯನ್ನು ಮೆದುಳು ಕೂಡಿಸಿ ದೇಹವನ್ನು ನೆಟ್ಟಗೆ ಇಡುತ್ತದೆ. ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ, ಕಿವಿಯ ತೊಂದರೆ ಯಾವುದು ಇದ್ದರೂ ತೋಲ ತಪ್ಪುತ್ತದೆ. ಒಳ್ಳೆಯ ಸುದ್ದಿಯೆಂದರೆ ಬಲದಂತೆ ತೋಲವನ್ನೂ ಅಭ್ಯಾಸದಿಂದ ಸುಧಾರಿಸಬಹುದು.

ವಯಸ್ಸಾದ ಮೇಲೆ ಸ್ನಾಯು ಬೆಳೆಯುವುದೇ ಇಲ್ಲ ಎಂಬ ನಂಬಿಕೆ ತಪ್ಪು. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಸರಾಸರಿ 90 ವರ್ಷ ವಯಸ್ಸಿನ, ವೃದ್ಧಾಶ್ರಮದಲ್ಲಿದ್ದ 10 ಜನರಿಗೆ 8 ವಾರ ಮೇಲ್ವಿಚಾರಣೆಯಲ್ಲಿ ಕಾಲಿನ ವ್ಯಾಯಾಮ ಮಾಡಿಸಲಾಯಿತು. ಕೊನೆಯವರೆಗೆ ಮಾಡಿದವರ ತೊಡೆಯ ಬಲ ಸರಾಸರಿ ಎರಡು ಪಟ್ಟಿಗಿಂತಲೂ ಹೆಚ್ಚಾಗಿತ್ತು. ತೊಂಬತ್ತರಲ್ಲಿ ಆಗುವುದಾದರೆ ಎಪ್ಪತ್ತರಲ್ಲಿ ಏಕೆ ಆಗಬಾರದು?

ದಿನಾ ನಡೆದರೆ ಸಾಲದೇ?

"ನಾನು ದಿನಾ ಹೊಲಕ್ಕೆ ಹೋಗಿ ಬರ್ತೀನಿ, ನನಗೆ ವ್ಯಾಯಾಮ ಯಾಕೆ?" ಎಂದು ಕೇಳುವವರಿದ್ದಾರೆ. ನಡಿಗೆ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೆಯದು. ಅದನ್ನು ಬಿಡಬಾರದು. ಆದರೆ ಬೀಳುವುದನ್ನು ತಡೆಯಲು ಬರೀ ನಡಿಗೆ ಸಾಕು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ 25 ದೇಶಗಳ 108 ಅಧ್ಯಯನಗಳನ್ನು, 23 ಸಾವಿರಕ್ಕೂ ಹೆಚ್ಚು ಹಿರಿಯರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಲಾಯಿತು. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಸುಮಾರು ಶೇಕಡಾ 23ರಷ್ಟು ಕಡಿಮೆಯಾಗಿತ್ತು. ಈ ಲಾಭ ಸ್ಪಷ್ಟವಾಗಿ ಕಂಡದ್ದು ತೋಲದ ಅಭ್ಯಾಸ ಮತ್ತು ಏಳುವುದು-ಕೂಡುವುದರಂಥ ದಿನಬಳಕೆಯ ಚಲನೆಗಳಿಂದ.

ಕೆಳಗೆ ಕೊಟ್ಟಿರುವ ವ್ಯಾಯಾಮಗಳಲ್ಲಿ ಹೆಚ್ಚಿನವು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕಾರ್ಯಕ್ರಮದಲ್ಲಿ ಇರುವಂಥವು. ಹಿರಿಯರು ಮನೆಯಲ್ಲೇ ಮಾಡಲೆಂದು ಅದನ್ನು ಸಿದ್ಧಪಡಿಸಲಾಗಿತ್ತು. ಈಗ ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ನಮ್ಮ ತಾಲೀಮಿನ ಬಸ್ಕಿ

ಇದೆಲ್ಲ ಪರದೇಶದ ವಿದ್ಯೆ ಎಂದುಕೊಳ್ಳಬೇಕಿಲ್ಲ. ಕೊಲ್ಲಾಪುರ ಕುಸ್ತಿಯ ಊರು. ರಾಜರ್ಷಿ ಶಾಹೂ ಮಹಾರಾಜರ ಕಾಲದ ಖಾಸಬಾಗ ಮೈದಾನದಿಂದ ಹಿಡಿದು ಹಳ್ಳಿಯ ಸಣ್ಣ ತಾಲೀಮಿನವರೆಗೆ ಪೈಲವಾನರ ಕಾಲಿನ ಬಲದ ಗುಟ್ಟು ಬೈಠಕ್. ಕನ್ನಡದಲ್ಲಿ ಅದನ್ನೇ ಬಸ್ಕಿ ಎನ್ನುತ್ತೇವೆ. ಕುರ್ಚಿಯಿಂದ ಎದ್ದು ಕೂಡುವ ವ್ಯಾಯಾಮ ಬಸ್ಕಿಯ ಸೌಮ್ಯ ರೂಪವಷ್ಟೇ. ಆದರೆ ಹಿರಿಯರು ಪೈಲವಾನರಂತೆ ಪೂರ್ತಿ ಕೆಳಗೆ ಕೂತು ವೇಗವಾಗಿ ಏಳಬಾರದು. ಮೊಣಕಾಲಿಗೆ ಅದು ಭಾರವಾಗುತ್ತದೆ.

ಮೊದಲು ಸ್ವಂತ ಪರೀಕ್ಷೆ

ವ್ಯಾಯಾಮ ಆರಂಭಿಸುವ ಮುನ್ನ ಎರಡು ಪರೀಕ್ಷೆ ಮಾಡಿ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಪಕ್ಕದಲ್ಲಿ ಒಬ್ಬರು ಇರಲಿ.

ಏಳು-ಕೂಡು ಪರೀಕ್ಷೆ: ಗೋಡೆಗೆ ಒತ್ತಿ ಇಟ್ಟ ಕುರ್ಚಿಯ ಮೇಲೆ ಕೂತು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಡಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂಡುತ್ತೀರಿ ಎಂದು ಎಣಿಸಿ. 65ರಿಂದ 69 ವರ್ಷದ ಗಂಡಸರಿಗೆ 12ಕ್ಕಿಂತ ಕಡಿಮೆ, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಎಂದು ಲೆಕ್ಕ. 70ರಿಂದ 74ರಲ್ಲಿ ಈ ಗೆರೆ ಗಂಡಸರಿಗೆ 12, ಹೆಂಗಸರಿಗೆ 10. 80ರಿಂದ 84ರಲ್ಲಿ 10 ಮತ್ತು 9. ಇವು ಅಮೆರಿಕದ ಆರೋಗ್ಯ ಇಲಾಖೆ ಬಳಸುವ ಅಂಕಿಗಳು. ನಮ್ಮವರಿಗೆ ಅಂದಾಜಿಗೆ ಸಾಕು.

ತೋಲ ಪರೀಕ್ಷೆ: ಗೋಡೆಯ ಪಕ್ಕದಲ್ಲಿ ನಿಂತು ಒಂದು ಪಾದದ ಹಿಮ್ಮಡಿಯನ್ನು (ಟಾಚ) ಇನ್ನೊಂದು ಪಾದದ ಬೆರಳಿಗೆ ತಾಗಿಸಿ ನೇರ ಗೆರೆಯಲ್ಲಿ ನಿಲ್ಲಿ. ಹಿಡಿಯದೆ 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಸಂಭವ ಹೆಚ್ಚು ಎಂದು ತಿಳಿಯಬೇಕು.

ಆರಂಭಿಸುವ ಮುನ್ನ

- ಕುರ್ಚಿ ಗಟ್ಟಿಯಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಅದು ಬೇಡ. ಕಟ್ಟಿಗೆಯ ಅಥವಾ ಕಬ್ಬಿಣದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ.
- ಬರಿಗಾಲಿನಲ್ಲಿ ಒಣ ನೆಲದ ಮೇಲೆ ಮಾಡಿ, ಇಲ್ಲವೇ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಹಿಂಬದಿ ತೆರೆದ ಚಪ್ಪಲಿ ಬೇಡ.
- ಧೋತರ, ಸೀರೆ ಕಾಲಿಗೆ ತೊಡರದಂತೆ ಮೇಲೆ ಕಟ್ಟಿಕೊಳ್ಳಿ.
- ಊಟವಾಗಿ ಒಂದು ತಾಸು ಕಳೆದಿರಲಿ.
- ಉಸಿರು ಬಿಗಿಹಿಡಿಯಬೇಡಿ. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನೇ ಸರಿಯಾಗಿ ಆಡುತ್ತದೆ.
- ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು, ಎಲುಬು ಮುರಿತ ಅಥವಾ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಎಂಟು ವ್ಯಾಯಾಮಗಳು

1. ಕೂತು ಕಾಲು ಚಾಚುವುದು: ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂಡಿ. ಒಂದು ಕಾಲನ್ನು ನಿಧಾನವಾಗಿ ಮುಂದೆ ನೇರವಾಗಿ ಎತ್ತಿ, ಐದರವರೆಗೆ ಎಣಿಸಿ, ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ 10 ಸಲ. ತೊಡೆಯ ಮುಂಭಾಗ ಗಟ್ಟಿಯಾಗುವುದು ನಿಮಗೇ ಗೊತ್ತಾಗುತ್ತದೆ. ಸುಲಭ ಎನಿಸಿದಾಗ ಅರ್ಧ ಕಿಲೋ ಮರಳು ಅಥವಾ ಜೋಳ ತುಂಬಿದ ಬಟ್ಟೆಯ ಚೀಲವನ್ನು ಕಣಕಾಲಿಗೆ ಕಟ್ಟಿ ಮಾಡಬಹುದು.

2. ಏಳು-ಕೂಡು: ಕುರ್ಚಿಯ ಮುಂದಿನ ಅಂಚಿಗೆ ಸರಿದು ಕೂಡಿ. ಪಾದಗಳು ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಲಿ. ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ಕೂಡುವಾಗ ದೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಮೊದಲ ವಾರ ಕೈ ಊರಿ 5 ಸಲ ಮಾಡಿ. ಆಮೇಲೆ ಒಂದೇ ಕೈ, ನಂತರ ಕೈ ಇಲ್ಲದೆ, 10 ಸಲದವರೆಗೆ ಏರಿಸಿ. ಎಂಟರಲ್ಲಿ ಒಂದನ್ನೇ ಮಾಡಲು ಸಮಯ ಇರುವುದಾದರೆ ಇದನ್ನೇ ಮಾಡಿ.

3. ಹಿಮ್ಮಡಿ ಎತ್ತುವುದು: ಕುರ್ಚಿಯ ಬೆನ್ನು ಅಥವಾ ಅಡುಗೆ ಕಟ್ಟೆ ಹಿಡಿದು ನಿಲ್ಲಿ. ಎರಡೂ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು, ಮೂರು ಎಣಿಸಿ ಇಳಿಸಿ. 10 ಸಲ. ಇದು ಮೀನಖಂಡಕ್ಕೆ. ಮೆಟ್ಟಿಲು ಏರಲು, ಮುಂದೆ ಹೆಜ್ಜೆ ತಳ್ಳಲು ಇದೇ ಬಲ.

4. ಬೆರಳು ಎತ್ತುವುದು: ಹಾಗೆಯೇ ಹಿಡಿದು ನಿಂತು ಹಿಮ್ಮಡಿಯ ಮೇಲೆ ಭಾರ ಹಾಕಿ ಪಾದದ ಮುಂಭಾಗ ಎತ್ತಿ. 10 ಸಲ. ಹಿಂದಕ್ಕೆ ವಾಲಬೇಡಿ. ಹೊಸ್ತಿಲಿಗೆ, ಕಲ್ಲಿಗೆ ಎಡವದಂತೆ ಪಾದ ಎತ್ತುವ ಸ್ನಾಯು ಇದರಿಂದ ಬಲಗೊಳ್ಳುತ್ತದೆ.

5. ಕಾಲು ಪಕ್ಕಕ್ಕೆ ಎತ್ತುವುದು: ಕಟ್ಟೆ ಹಿಡಿದು ನೆಟ್ಟಗೆ ನಿಲ್ಲಿ. ಒಂದು ಕಾಲನ್ನು ಬಾಗಿಸದೆ ಪಕ್ಕಕ್ಕೆ ಒಂದು ಗೇಣಿನಷ್ಟು ಎತ್ತಿ ಇಳಿಸಿ. ದೇಹ ಇನ್ನೊಂದು ಬದಿಗೆ ವಾಲದಿರಲಿ. ಪ್ರತಿ ಕಾಲಿಗೆ 10 ಸಲ. ನಡೆಯುವಾಗ ಸೊಂಟ ಒಂದು ಕಡೆ ಜೋಲುವುದನ್ನು ಇದು ತಡೆಯುತ್ತದೆ.

6. ಮೊಣಕಾಲು ಹಿಂದಕ್ಕೆ ಮಡಿಸುವುದು: ಹಿಡಿದು ನಿಂತು ಒಂದು ಹಿಮ್ಮಡಿಯನ್ನು ಪೃಷ್ಠದ ಕಡೆ ಎತ್ತಿ, ಇಳಿಸಿ. ಎರಡೂ ತೊಡೆ ಒಂದೇ ಸಾಲಿನಲ್ಲಿ ಇರಲಿ. ಪ್ರತಿ ಕಾಲಿಗೆ 10 ಸಲ.

7. ಗೆರೆಯ ಮೇಲಿನ ನಡಿಗೆ: ಗೋಡೆಯ ಪಕ್ಕದಲ್ಲಿ, ಬೆರಳ ತುದಿ ಗೋಡೆಗೆ ತಾಗುವಂತೆ ನಿಂತು, ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿ-ಬೆರಳು ತಾಗುವಂತೆ ಇಟ್ಟು 10 ಹೆಜ್ಜೆ ನಡೆಯಿರಿ. ನೋಟ ಮುಂದೆ ಇರಲಿ, ಕೆಳಗಲ್ಲ. ಫರಸಿಯ ಸಾಲು ಒಳ್ಳೆಯ ಗೆರೆ. ನಂತರ ಅದೇ ಗೋಡೆಗೆ ಮುಖ ಮಾಡಿ ಪಕ್ಕಕ್ಕೆ 10 ಹೆಜ್ಜೆ ಹೋಗಿ ಹಿಂತಿರುಗಿ. ಕಬ್ಬಿನ ಹೊಲದ ಕಿರಿದಾದ ಬದುವಿನ ಮೇಲೆ ನಡೆಯುವವರಿಗೆ ಇದು ನೇರ ಉಪಯೋಗ.

8. ಒಂಟಿ ಕಾಲಿನ ನಿಲುವು: ಕಟ್ಟೆ ಹಿಡಿದು ಒಂದು ಪಾದವನ್ನು ನೆಲದಿಂದ ಸ್ವಲ್ಪ ಎತ್ತಿ 10 ಸೆಕೆಂಡ್ ನಿಲ್ಲಿ. ಎರಡೂ ಕಾಲಿಗೆ ಮೂರು ಸಲ. ಮೊದಲು ಎರಡು ಕೈ, ನಂತರ ಒಂದು ಕೈ, ನಂತರ ಒಂದು ಬೆರಳು. ಕೈ ಪೂರ್ತಿ ಬಿಟ್ಟಾಗಲೂ ಕಟ್ಟೆ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಕಣ್ಣು ಮುಚ್ಚಿ ಮಾಡಬೇಡಿ.

ವಾರದ ಲೆಕ್ಕ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಎಂಟೂ ವ್ಯಾಯಾಮ ಮಾಡಿ. ಸೋಮವಾರ, ಬುಧವಾರ, ಶುಕ್ರವಾರ ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಉಳಿದ ದಿನಗಳಲ್ಲಿ ಕನಿಷ್ಠ ಎರಡು ದಿನ ಅರ್ಧ ಗಂಟೆ ನಡೆಯಿರಿ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಆಯಿತು. ದೇವಸ್ಥಾನದ ಅಥವಾ ಬಸದಿಯ ಪ್ರದಕ್ಷಿಣೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಮೊದಲ ಎರಡು ವಾರ ಪ್ರತಿ ವ್ಯಾಯಾಮ 5 ಸಲ ಸಾಕು. ಮೂರನೇ ವಾರದಿಂದ 10 ಸಲ. ಐದನೇ ವಾರದಿಂದ ಸ್ವಲ್ಪ ವಿಶ್ರಾಂತಿ ಪಡೆದು ಇನ್ನೊಂದು ಸುತ್ತು. ಆರರಿಂದ ಎಂಟು ವಾರದಲ್ಲಿ ಬಲದ ವ್ಯತ್ಯಾಸ ಗೊತ್ತಾಗುತ್ತದೆ. ತೋಲ ಸುಧಾರಿಸಲು ಸುಮಾರು ಮೂರು ತಿಂಗಳು ಬೇಕು. ತಿಂಗಳಿಗೊಮ್ಮೆ ಮೇಲಿನ ಎರಡು ಪರೀಕ್ಷೆ ಮಾಡಿ ಸಂಖ್ಯೆ ಬರೆಯಿರಿ. ಬಿಟ್ಟರೆ ಬಂದ ಬಲ ಹೋಗುತ್ತದೆ ಎಂಬುದು ನೆನಪಿರಲಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮನೆಯವರಿಗೆ ಪುರುಸೊತ್ತು ಇಲ್ಲದಿದ್ದರೂ ಏಳು-ಕೂಡು ಮತ್ತು ಒಂಟಿ ಕಾಲಿನ ನಿಲುವನ್ನು ಬಿಡಬೇಡಿ.

ಮೊಣಕಾಲು ನೋವಿದ್ದರೆ?

ಮೊಣಕಾಲು (ಗುಡಘಾ) ಸವೆದಿದೆ, ಆದ್ದರಿಂದ ಅಲುಗಾಡಿಸಬಾರದು ಎಂಬುದು ಬಹಳ ಜನರ ನಂಬಿಕೆ. ಸಂಧಿವಾತಕ್ಕೆ ವೈದ್ಯರು ಮೊದಲು ಹೇಳುವ ಚಿಕಿತ್ಸೆಗಳಲ್ಲಿ ತೊಡೆಯ ವ್ಯಾಯಾಮವೂ ಒಂದು. ತೊಡೆ ಗಟ್ಟಿಯಾದರೆ ಕೀಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ನೋವಿರುವವರು ಕುರ್ಚಿಯ ಮೇಲೆ ದಪ್ಪ ಚಾದರ ಮಡಿಸಿ ಇಟ್ಟು ಎತ್ತರ ಹೆಚ್ಚಿಸಿಕೊಂಡರೆ ಏಳುವುದು ಹಗುರಾಗುತ್ತದೆ. ಮಾಡುವಾಗ ಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಮರುದಿನವೂ ಹೆಚ್ಚಿದ್ದರೆ ಸಲಗಳನ್ನು ಅರ್ಧಕ್ಕೆ ಇಳಿಸಿ. ಕೀಲು ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಒಂದು ವರ್ಷದಲ್ಲಿ ಎರಡು ಸಲ ಬಿದ್ದವರು, ಎದ್ದಾಗ ಕಣ್ಣು ಕತ್ತಲೆ ಬರುವವರು, ಪಾದ ಜೋಮು ಹಿಡಿಯುವವರು, ಒಂದೇ ಕಾಲು ಸೋತವರು ವ್ಯಾಯಾಮದ ಜೊತೆಗೆ ತಪಾಸಣೆಯನ್ನೂ ಮಾಡಿಸಬೇಕು. ರಕ್ತದೊತ್ತಡದ ಮಾತ್ರೆ, ನಿದ್ರೆ ಮಾತ್ರೆಗಳಿಂದಲೂ ತೋಲ ತಪ್ಪುತ್ತದೆ. ತಾವೇ ಮಾತ್ರೆ ನಿಲ್ಲಿಸಬೇಡಿ, ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಶಾಕಾಹಾರಿ ಹಿರಿಯರಲ್ಲಿ ಬಿ12 ಜೀವಸತ್ವದ ಕೊರತೆಯಿಂದ ಪಾದ ಜೋಮು ಹಿಡಿದು ನಡಿಗೆ ತೂರಾಡಬಹುದು. ರಕ್ತ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೆಚ್ಚಿನ ತಪಾಸಣೆಗೆ ಮಿರಜದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಮತ್ತು ಕೊಲ್ಲಾಪುರದ ಸಿಪಿಆರ್ ಆಸ್ಪತ್ರೆ ಇವೆ. ಮನೆಯಲ್ಲಿ ಕನ್ನಡ ಮಾತ್ರ ಆಡುವ ಅಜ್ಜಿಯರು ಅಲ್ಲಿ ತಮ್ಮ ತೊಂದರೆಯನ್ನು ಸರಿಯಾಗಿ ಹೇಳಲಾಗದೆ "ಕಾಲು ನೋವು" ಎಂದಷ್ಟೇ ಹೇಳಿ ಬರುವುದುಂಟು. ಈ ನಾಲ್ಕು ಮಾತು ನೆನಪಿಟ್ಟುಕೊಳ್ಳಲಿ:

- ಕಾಲು ಜೋಮು ಹಿಡೀತದ: ಪಾಯಾಲಾ ಮುಂಗ್ಯಾ ಯೇತಾತ
- ನಡೆಯುವಾಗ ತೋಲ ತಪ್ಪತದ: ಚಾಲತಾನಾ ತೋಲ ಜಾತೋ
- ಎದ್ದಕೂಡಲೇ ತಲೆ ತಿರಗತದ: ಉಠಲ್ಯಾವರ ಚಕ್ಕರ ಯೇತೆ
- ನಾನು ಎರಡು ಸಲ ಬಿದ್ದೀನಿ: ಮೀ ದೋನದಾ ಪಡಲೇ (ಗಂಡಸರು ಪಡಲೋ ಎನ್ನಬೇಕು)

ವ್ಯಾಯಾಮದ ನಡುವೆ ಎದೆ ನೋವು, ಏದುಸಿರು, ತಲೆಸುತ್ತು ಬಂದರೆ ತಕ್ಷಣ ಕೂಡಿ. ಎದೆ ನೋವು ಇಳಿಯದಿದ್ದರೆ, ಇಲ್ಲವೇ ಒಮ್ಮೆಲೇ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ-ಕಾಲು ಸೋತರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮನೆ, ಅಂಗಳ, ಘಾಟು

ಕಾಲು ಎಷ್ಟೇ ಗಟ್ಟಿಯಾದರೂ ನೆಲ ಜಾರಿದರೆ ಬೀಳುತ್ತೇವೆ. ಬಚ್ಚಲು ಮನೆಯ ಫರಸಿಯನ್ನು ಒಣಗಿಸಿ ಇಡಿ, ಗೋಡೆಗೆ ಹಿಡಿಕೆ ಹಾಕಿಸಿ. ರಾತ್ರಿ ಏಳುವ ದಾರಿಯಲ್ಲಿ ಸಣ್ಣ ದೀಪ ಇರಲಿ. ವಿದ್ಯುತ್ ಹೋಗುವ ಊರುಗಳಲ್ಲಿ ದಿಂಬಿನ ಪಕ್ಕ ಬ್ಯಾಟರಿ ಇಡಿ. ಹೊಸ್ತಿಲ ಮುಂದಿನ ಮಡಿಕೆ ಬಿದ್ದ ಚಾಪೆ, ಗೋಣಿಚೀಲ ತೆಗೆಯಿರಿ. ದನ ಕಟ್ಟುವ ಹಗ್ಗ ನಡೆಯುವ ದಾರಿಗೆ ಬಾರದಿರಲಿ. ಹಾಸಿಗೆಯಿಂದ ಎದ್ದ ಕೂಡಲೇ ನಡೆಯಬೇಡಿ, ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ.

ನರಸೋಬಾವಾಡಿಯ ಘಾಟಿಗೆ ಸ್ನಾನಕ್ಕೆ ಇಳಿಯುವವರು ಜಾಗ್ರತೆ ವಹಿಸಬೇಕು. ಮಳೆಗಾಲದಲ್ಲಿ ನೀರು ಏರಿ ಇಳಿದ ಮೇಲೆ ಮೆಟ್ಟಿಲುಗಳ ಮೇಲೆ ಕೆಸರು, ಪಾಚಿ ಇರುತ್ತದೆ. ಚರ್ಮದ ಕೊಲ್ಲಾಪುರಿ ಚಪ್ಪಲಿ ಒದ್ದೆಯಾದರೆ ಜಾರುತ್ತದೆ, ಅದನ್ನು ಮೇಲೆಯೇ ಬಿಡಿ. ಇಳಿಯುವಾಗ ಒಬ್ಬರ ಕೈ ಹಿಡಿಯಿರಿ. ಒಂದೊಂದೇ ಮೆಟ್ಟಿಲಿನ ಮೇಲೆ ಎರಡೂ ಪಾದ ಇಟ್ಟು ಮುಂದೆ ಸಾಗಿ. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂಬುದು ನಿಯಮ.

ಕೋಲು ಹಿಡಿಯಲು ನಾಚಿಕೆ ಬೇಡ. ಕೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಅದರ ಹಿಡಿಕೆ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ತುದಿಗೆ ರಬ್ಬರ್ ಬುಡ ಇರಲಿ, ಸವೆದಾಗ ಬದಲಿಸಿ.

ಊಟದಲ್ಲಿ ಏನಿರಬೇಕು?

ಬರೀ ಚಹಾ, ಭಾಕ್ರಿ, ಚಟ್ನಿಯಿಂದ ಸ್ನಾಯು ಬೆಳೆಯುವುದಿಲ್ಲ. ಪ್ರತಿ ಊಟದಲ್ಲಿ ಬೇಳೆ, ಹೆಸರುಕಾಳು, ಮಡಿಕೆಕಾಳು, ಶೇಂಗಾ, ಹಾಲು, ಮೊಸರು ಇವುಗಳಲ್ಲಿ ಒಂದಾದರೂ ಇರಲಿ. ತಿನ್ನುವವರಿಗೆ ಮೊಟ್ಟೆ, ಮೀನು ಒಳ್ಳೆಯದು. ಹಲ್ಲಿಲ್ಲದವರಿಗೆ ಮೊಳಕೆ ಕಾಳನ್ನು ಬೇಯಿಸಿ ಅರೆದು ಕೊಡಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಬೇಕು.

ಬಿದ್ದರೆ ಏಳುವುದು ಹೇಗೆ?

ಬಿದ್ದ ಕೂಡಲೇ ಗಡಿಬಿಡಿಯಿಂದ ಏಳಬೇಡಿ, ಮನೆಯವರೂ ರಟ್ಟೆ ಹಿಡಿದು ಎಳೆಯಬಾರದು. ಒಂದು ನಿಮಿಷ ಮಲಗಿ ಕೈಕಾಲು ಅಲುಗಾಡಿಸಿ ನೋಡಿ. ಸೊಂಟದಲ್ಲಿ ತೀವ್ರ ನೋವಿದ್ದರೆ, ಕಾಲು ಹೊರಕ್ಕೆ ತಿರುಗಿದ್ದರೆ, ಮೊಟಕಾದಂತೆ ಕಂಡರೆ ಹಾಗೆಯೇ ಮಲಗಿ 108ಕ್ಕೆ ತಿಳಿಸಿ. ನೋವಿಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಗಟ್ಟಿ ಕುರ್ಚಿಯ ಬಳಿ ಸರಿದು ಎರಡೂ ಕೈ ಅದರ ಮೇಲೆ ಇಡಿ. ಬಲವಿರುವ ಪಾದವನ್ನು ಮುಂದೆ ಇಟ್ಟು, ಒತ್ತಿ ಎದ್ದು, ತಿರುಗಿ ಕುರ್ಚಿಯ ಮೇಲೆ ಕೂಡಿ. ಮನೆಯವರ ಎದುರು ಇದನ್ನು ಒಮ್ಮೆ ಚಾದರದ ಮೇಲೆ ಅಭ್ಯಾಸ ಮಾಡಿಟ್ಟುಕೊಂಡರೆ ಬಿದ್ದ ದಿನ ಧೈರ್ಯ ಇರುತ್ತದೆ. ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಮನೆಯವರಿಗೆ ಒಂದು ಮಾತು

ಹಿರಿಯರು ಒಬ್ಬರೇ ಮಾಡಿದರೆ ಎರಡು ವಾರದಲ್ಲಿ ಬೇಸರ ಬರುತ್ತದೆ. ಮೊಮ್ಮಗ ಎಣಿಸಲಿ, ಸೊಸೆ ಪಕ್ಕದಲ್ಲಿ ನಿಲ್ಲಲಿ. ಓಣಿಯ ನಾಲ್ಕು ಜನ ಹಿರಿಯರು ಒಂದು ಪಡಸಾಲೆಯಲ್ಲಿ ಸೇರಿದರೆ ಇನ್ನೂ ಒಳ್ಳೆಯದು. "ಕೂತು ಆರಾಮ ಮಾಡ್ರಿ" ಎನ್ನುವ ಬದಲು "ಹತ್ತು ಸಲ ಎದ್ದು ಕೂಡ್ರಿ, ಆಮೇಲೆ ಆರಾಮ ಮಾಡ್ರಿ" ಎಂದು ಹೇಳಿ. ಐವತ್ತು ದಾಟಿದ ನೀವೂ ಅವರ ಜೊತೆಗೇ ಆರಂಭಿಸಿ.

ಈ ಲೇಖನ ಸಾಮಾನ್ಯ ತಿಳುವಳಿಕೆಗಾಗಿ. ಕಾಯಿಲೆ ಇರುವವರು ತಮ್ಮ ವೈದ್ಯರ ಸಲಹೆಯಂತೆ ನಡೆಯಬೇಕು.